ಮಲೆನಾಡಿನ ಮನೆಗೆ ಬಾಳಿಕೆ ಬರುವ ಲ್ಯಾಪ್‌ಟಾಪ್ ಆರಿಸುವ ಬಗೆ

ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ಮೂರನೆಯ ವರ್ಷದ ಮಳೆಗಾಲದಲ್ಲಿ ಕೈಕೊಟ್ಟಾಗ ಅದರ ಪ್ರೊಸೆಸರ್ ಚೆನ್ನಾಗಿಯೇ ಇತ್ತು, ರ‍್ಯಾಮ್‌ಗೆ ಏನೂ ಆಗಿರಲಿಲ್ಲ, ಪರದೆಯ ಮೇಲೆ ಒಂದು ಗೀರೂ ಇರಲಿಲ್ಲ. ಹೋದದ್ದು ಎಡಬದಿಯ ಹಿಂಜ್, ಅಂದರೆ ಮುಚ್ಚಳದ ಕೀಲು. ಒಂದು ಸಂಜೆ ಮುಚ್ಚಳ ಎತ್ತುವಾಗ ಮೂಲೆಯಲ್ಲಿ ಟಕ್ ಎಂದು ಸದ್ದಾಯಿತು. ನೋಡಿದರೆ ಕೀಬೋರ್ಡಿನ ಪಕ್ಕದ ಪ್ಲಾಸ್ಟಿಕ್ ಬಾಯಿಬಿಟ್ಟುಕೊಂಡು, ಒಳಗಿನ ಹಿತ್ತಾಳೆಯ ನಟ್ಟು ಹಲ್ಲು ಕಿತ್ತಂತೆ ಹೊರಬಂದಿತ್ತು. ಆ ನಟ್ಟಿಗೆ ನಾಲ್ಕಾಣೆ ಬೆಲೆಯೂ ಇರಲಾರದು. ಆದರೆ ಅದನ್ನು ಹಿಡಿದಿಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರ್ ಬೆಂಗಳೂರಿನಿಂದ ಬರಬೇಕೆಂದರು, ಒಂದೂವರೆ ತಿಂಗಳು ಕಾದರೂ ಬರಲಿಲ್ಲ. ಕೊನೆಗೆ ಮುಚ್ಚಳವನ್ನು ಗೋಡೆಗೆ ಒರಗಿಸಿಕೊಂಡು ಮಗಳು ಆ ವರ್ಷದ ಸಿಇಟಿ ಅರ್ಜಿ ತುಂಬಿದಳು.

ಅಂದಿನಿಂದ ನೆಂಟರು, ನೆರೆಹೊರೆಯವರು ಲ್ಯಾಪ್‌ಟಾಪ್ ಕೊಳ್ಳಲು ಸಲಹೆ ಕೇಳಿದಾಗಲೆಲ್ಲ ನಾನು ಪ್ರೊಸೆಸರ್‌ನಿಂದ ಮಾತು ಆರಂಭಿಸುವುದನ್ನು ಬಿಟ್ಟಿದ್ದೇನೆ. ಪಹಣಿ ತೆಗೆಯುವುದು, ತೋಟದ ಲೆಕ್ಕ ಬರೆಯುವುದು, ಮಕ್ಕಳ ಪಾಠ, ದೂರದಲ್ಲಿರುವ ಮಗನೊಡನೆ ವಿಡಿಯೊ ಕರೆ, ನಾಲ್ಕು ಸಿನಿಮಾ: ಮನೆಯ ಇಷ್ಟು ಕೆಲಸಕ್ಕೆ ಇಂದು ಮಾರುಕಟ್ಟೆಯಲ್ಲಿರುವ ಸಾಧಾರಣ ಪ್ರೊಸೆಸರ್ ಧಾರಾಳವಾಗಿ ಸಾಕು. ಮನೆಯ ಲ್ಯಾಪ್‌ಟಾಪ್ ಮೂಲೆ ಸೇರುವುದು ಹೆಚ್ಚಾಗಿ ಹಿಂಜ್ ಮುರಿದು, ಚಾರ್ಜಿಂಗ್ ಪಿನ್ ಸಡಿಲಗೊಂಡು, ಬ್ಯಾಟರಿ ಉಬ್ಬಿ, ಕೀಬೋರ್ಡಿಗೆ ನೀರೋ ಕಾಫಿಯೋ ಬಿದ್ದು. ಆದ್ದರಿಂದ ಯಾವ ಭಾಗ ಮೊದಲು ಕೆಡುತ್ತದೆಯೋ ಅದನ್ನೇ ಮೊದಲು ನೋಡಬೇಕು, ಮತ್ತು ಕೆಟ್ಟಾಗ ಅದು ನಮ್ಮೂರಿನಲ್ಲಿ ರಿಪೇರಿಯಾಗುತ್ತದೆಯೇ ಎಂದು ಕೊಳ್ಳುವ ಮುನ್ನವೇ ತಿಳಿದುಕೊಳ್ಳಬೇಕು.

ಮಾರುವ ಅಂಗಡಿಗಿಂತ ಮೊದಲು ರಿಪೇರಿ ಅಂಗಡಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆ, ಐ.ಜಿ. ರಸ್ತೆಗಳಲ್ಲಿಯೂ ಹಾಸನದ ಬಿ.ಎಂ. ರಸ್ತೆಯ ಆಸುಪಾಸಿನಲ್ಲಿಯೂ ಲ್ಯಾಪ್‌ಟಾಪ್ ಮಾರುವವರಿಗೆ ಕೊರತೆಯಿಲ್ಲ. ಆದರೆ ಅಲ್ಲಿಗೆ ಹೋಗುವ ಮುನ್ನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಯಾವುದಾದರೂ ರಿಪೇರಿ ಅಂಗಡಿಗೆ ಹೋಗಿ ಕುಳಿತುಕೊಳ್ಳುವುದು ಒಳ್ಳೆಯದು. ಅವರ ಕಪಾಟಿನಲ್ಲಿ ಚೀಟಿ ಅಂಟಿಸಿ ಸಾಲಾಗಿ ಇಟ್ಟಿರುವ ಯಂತ್ರಗಳು ಯಾವ ಜಾಹೀರಾತಿನಲ್ಲಿಯೂ ಸಿಗದ ಮಾಹಿತಿಯನ್ನು ಕೊಡುತ್ತವೆ. ನಾನು ಹೀಗೆ ಹೋದಾಗ ಅಲ್ಲಿಯ ಹುಡುಗ ಒಂದು ತೆಳ್ಳನೆಯ ಲ್ಯಾಪ್‌ಟಾಪಿನ ತಳ ಬಿಚ್ಚಿ ತೋರಿಸಿ, "ನೋಡಿ ಸಾರ್, ಇದರ ಕೀಬೋರ್ಡ್ ಮೇಲಿನ ಕವರಿಗೇ ಪ್ಲಾಸ್ಟಿಕ್ ಕರಗಿಸಿ ಕೂರಿಸಿದ್ದಾರೆ. ಒಂದು ಕೀ ಹೋದರೂ ಪೂರ್ತಿ ಕವರ್ ತರಿಸಬೇಕು" ಎಂದ. ಪಕ್ಕದಲ್ಲಿದ್ದ ದಪ್ಪನೆಯ ಹಳೆಯ ಯಂತ್ರವೊಂದರಲ್ಲಿ ನಾಲ್ಕೈದು ಸ್ಕ್ರೂ ಬಿಚ್ಚುತ್ತಲೇ ಕೀಬೋರ್ಡ್ ಕೈಗೆ ಬಂತು. ಅಂಗಡಿಯ ಗಾಜಿನ ಹಿಂದೆ ಹೊಳೆಯುತ್ತಿರುವಾಗ ಈ ಎರಡರ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ರಿಪೇರಿಯವರನ್ನು ಮೂರು ಪ್ರಶ್ನೆ ಕೇಳಬೇಕು. ಈ ಮಾದರಿಯ ಬ್ಯಾಟರಿ ಮತ್ತು ಹಿಂಜ್ ಎಷ್ಟು ದಿನದಲ್ಲಿ ಸಿಗುತ್ತದೆ? ಚಾರ್ಜಿಂಗ್ ಸಾಕೆಟ್ ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೇ ಬೆಸುಗೆಯಾಗಿದೆಯೇ ಅಥವಾ ಪ್ರತ್ಯೇಕ ವೈರಿನ ತುದಿಯಲ್ಲಿದೆಯೇ? ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ತಾತ್ಕಾಲಿಕ ನೆನಪು) ಬದಲಾಯಿಸಲು ಸ್ಲಾಟ್ ಇದೆಯೇ? ಅವರಿಗೆ ಆ ಮಾದರಿ ಗೊತ್ತಿಲ್ಲದಿದ್ದರೆ ಬೇರೊಂದು ದಾರಿಯಿದೆ. ಲೆನೊವೊ, ಡೆಲ್, ಎಚ್‌ಪಿ ಮುಂತಾದ ಕಂಪನಿಗಳು ತಮ್ಮ ಅನೇಕ ಮಾದರಿಗಳ ಸರ್ವಿಸ್ ಮ್ಯಾನ್ಯುಯಲ್ಲನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿವೆ. ಅದರಲ್ಲಿ ಯಾವ ಭಾಗವನ್ನು ಯಾವ ಕ್ರಮದಲ್ಲಿ ಬಿಚ್ಚಬೇಕೆಂಬುದು ಚಿತ್ರಸಹಿತ ಇರುತ್ತದೆ. ಬ್ಯಾಟರಿ ತೆಗೆಯಲು ನಾಲ್ಕು ಸ್ಕ್ರೂ ಬಿಚ್ಚಿದರೆ ಸಾಕೋ, ಅಂಟು ಬಿಡಿಸಬೇಕೋ, ಕೀಬೋರ್ಡ್ ಬಿಡಿಯಾಗಿ ಸಿಗುತ್ತದೆಯೋ, ಮೇಲಿನ ಕವರಿನೊಡನೆ ಸೇರಿಯೇ ಬರುತ್ತದೆಯೋ ಎಂಬುದನ್ನು ಇಂಗ್ಲಿಷ್ ಅಷ್ಟಾಗಿ ಬಾರದವರೂ ಚಿತ್ರ ನೋಡಿ ತಿಳಿಯಬಹುದು.

ಥಿಂಕ್‌ಪ್ಯಾಡ್, ಎಲೀಟ್‌ಬುಕ್, ಪ್ರೊಬುಕ್, ಲ್ಯಾಟಿಟ್ಯೂಡ್, ಎಕ್ಸ್‌ಪರ್ಟ್‌ಬುಕ್ ಮುಂತಾದ ಕಚೇರಿ ಶ್ರೇಣಿಯ ಯಂತ್ರಗಳು ಈ ವಿಷಯದಲ್ಲಿ ಸಾಮಾನ್ಯವಾಗಿ ಮುಂದೆ. ಅವು ನೋಡಲು ಮಂಕಾಗಿದ್ದು, ಅದೇ ಬೆಲೆಗೆ ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ಕೊಡುತ್ತವೆ ಎಂಬುದು ನಿಜ. ಬಾಳಿಕೆಯನ್ನು ಬಯಸುವವರು ಆ ಒಂದು ಮೆಟ್ಟಿಲನ್ನು ಬಿಟ್ಟುಕೊಡಬಹುದೆಂದು ನನ್ನ ಅಭಿಪ್ರಾಯ. 40,000 ರೂಪಾಯಿಯ ಯಂತ್ರ ಮೂರು ವರ್ಷಕ್ಕೆ ಮುಗಿದರೆ ವರ್ಷಕ್ಕೆ 13,000 ರೂಪಾಯಿಗೂ ಮೇಲೆ ಬೀಳುತ್ತದೆ. 60,000 ರೂಪಾಯಿಯದು ಆರು ವರ್ಷ ಬಂದರೆ ವರ್ಷಕ್ಕೆ 10,000 ರೂಪಾಯಿ ಬೀಳುತ್ತದೆ. ಈ ಶ್ರೇಣಿಗಳಲ್ಲಿಯೂ ಮಾದರಿಯಿಂದ ಮಾದರಿಗೆ ಗುಣ ಬೇರೆಯಾಗುವುದರಿಂದ ಹೆಸರೊಂದನ್ನೇ ನಂಬದೆ ಮುಟ್ಟಿ ನೋಡಿಯೇ ತೀರ್ಮಾನಿಸಬೇಕು.

ಅಂಗಡಿಯಲ್ಲಿ ಕೈಯಿಂದ ನೋಡುವುದು

ಅಂಗಡಿಯ ಮೇಜಿನ ಮೇಲಿರುವ ಪ್ರದರ್ಶನದ ಯಂತ್ರವನ್ನು ಹೊಸದೆಂದು ತಿಳಿಯಬೇಕಾಗಿಲ್ಲ. ಅದನ್ನು ದಿನಕ್ಕೆ ಹತ್ತಾರು ಜನ ತೆರೆದು ಮುಚ್ಚಿರುತ್ತಾರೆ, ಹಾಗಾಗಿ ನಮ್ಮ ಪರೀಕ್ಷೆಗೆ ಅದೇ ಹೆಚ್ಚು ಅನುಕೂಲ. ಮೊದಲು ಮುಚ್ಚಳದ ನಡುಭಾಗವನ್ನು ಹಿಡಿದು ನಿಧಾನವಾಗಿ ಎತ್ತಬೇಕು. ಎತ್ತುವಾಗ ಹಿಂದಿನ ಎರಡು ಮೂಲೆಗಳನ್ನೂ ಗಮನಿಸಬೇಕು: ಪ್ಲಾಸ್ಟಿಕ್ಕಿನ ಎರಡು ತುಂಡು ಸೇರುವ ಗೆರೆ ಕೂದಲೆಳೆಯಷ್ಟಾದರೂ ಅಗಲವಾದರೆ, ಹಿಂಜ್ ಬಿಗಿಯಾಗಿದ್ದು ಅದನ್ನು ಹಿಡಿದಿರುವ ಕವರ್ ದುರ್ಬಲವಾಗಿದೆ ಎಂದು ಅರ್ಥ. ಹಿಂಜಿನ ಲೋಹ ಮುರಿಯುವುದು ತೀರ ಅಪರೂಪ. ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಹಿತ್ತಾಳೆಯ ನಟ್ಟುಗಳು ಪ್ರತಿ ಸಲವೂ ಎಳೆತಕ್ಕೆ ಸಿಕ್ಕಿ, ಕೊನೆಗೊಂದು ದಿನ ಕಿತ್ತು ಬರುತ್ತವೆ. ಹಾಗೆಂದು ತೀರ ಸಡಿಲವಾದ ಹಿಂಜೂ ಬೇಡ. ಮುಚ್ಚಳವನ್ನು ಅರ್ಧಕ್ಕೆ ನಿಲ್ಲಿಸಿ ಮೇಜನ್ನು ಮೆಲ್ಲಗೆ ತಟ್ಟಿದರೆ ಅದು ಒಂದೆರಡು ಸಲ ಅಲುಗಿ ಅಲ್ಲಿಯೇ ನಿಲ್ಲಬೇಕು.

ಮುಚ್ಚಳವನ್ನು ಒಂದೇ ಮೂಲೆಯಿಂದ ಎತ್ತುವ ಅಭ್ಯಾಸ ಮನೆಯಲ್ಲಿ ಒಬ್ಬರಿಗಾದರೂ ಇದ್ದೇ ಇರುತ್ತದೆ. ಅದನ್ನು ಎಷ್ಟು ಹೇಳಿದರೂ ತಿದ್ದಲಾಗದು. ಆದ್ದರಿಂದ ಅಂಗಡಿಯಲ್ಲಿ ಒಮ್ಮೆ ಹಾಗೆಯೂ ಎತ್ತಿ ನೋಡಬೇಕು. ಎದುರಿನ ಮೂಲೆ ಬಹಳ ಹಿಂದುಳಿದು, ಪರದೆ ತಿರುಚಿದಂತೆ ಕಂಡರೆ ಮುಚ್ಚಳ ತೆಳುವಾಯಿತೆಂದು ತಿಳಿಯಬೇಕು. 15.6 ಇಂಚಿನ ಯಂತ್ರಕ್ಕಿಂತ 14 ಇಂಚಿನದರಲ್ಲಿ ಮುಚ್ಚಳದ ಭಾರವೂ ಎಳೆತವೂ ಕಡಿಮೆಯಾಗಿ ಹಿಂಜ್ ಹೆಚ್ಚು ಕಾಲ ಬಾಳುತ್ತದೆ. ಲೆಕ್ಕಪತ್ರಕ್ಕೆ ಪ್ರತ್ಯೇಕ ಅಂಕಿಗಳ ಕೀ ಬೇಕೇ ಬೇಕೆನ್ನುವವರಿಗೆ ಮಾತ್ರ ದೊಡ್ಡದು ಅನಿವಾರ್ಯ.

ಅನಂತರ ಕೀಬೋರ್ಡಿನ ನಡುವೆ ಬೆರಳಿನಿಂದ ಒತ್ತಬೇಕು. ಹಾಸಿಗೆಯಂತೆ ಕುಗ್ಗಿದರೆ ಅದರ ಕೆಳಗೆ ಗಟ್ಟಿ ತಗಡಿಲ್ಲ. ಬೆಳ್ಳಿಬಣ್ಣದ ಮೈಯೆಲ್ಲ ಲೋಹವೆಂದು ಮೋಸಹೋಗಬಾರದು. ನಮ್ಮ ಊರಿನ ಬೆಳಗಿನ ಚಳಿಯಲ್ಲಿ ಅಂಗೈ ಇಟ್ಟರೆ ಲೋಹ ತಣ್ಣಗೆ ಕೊರೆಯುತ್ತದೆ, ಬಣ್ಣ ಬಳಿದ ಪ್ಲಾಸ್ಟಿಕ್ ಕೊರೆಯುವುದಿಲ್ಲ. ಲೋಹದ ಮೈ ಬಿದ್ದರೆ ತಗ್ಗಾಗುತ್ತದೆಯೇ ಹೊರತು ಸೀಳುವುದು ಕಡಿಮೆ. ಆದರೂ ಒಳ್ಳೆಯ ದಪ್ಪ ಪ್ಲಾಸ್ಟಿಕ್ ಕೆಟ್ಟ ತೆಳು ಲೋಹಕ್ಕಿಂತ ಮೇಲು.

ಮಾರುವವರು "ಮಿಲಿಟರಿ ಗ್ರೇಡ್" ಎಂದು ಹೇಳಿದರೆ ಒಂದು ವಿಷಯ ನೆನಪಿರಲಿ. ಆ ಮಾತಿಗೆ ಆಧಾರವಾದ ಮಿಲ್-ಎಸ್‌ಟಿಡಿ-810ಎಚ್ ಎಂಬುದು ಅಮೆರಿಕದ ರಕ್ಷಣಾ ಇಲಾಖೆ 2019ರಲ್ಲಿ ಹೊರತಂದ ಪರೀಕ್ಷಾ ವಿಧಾನಗಳ ಸಂಗ್ರಹ. ಅದರಲ್ಲಿ ಬೀಳುವಿಕೆ, ಕಂಪನ, ತೇವಾಂಶ, ದೂಳು ಹೀಗೆ ಅನೇಕ ಪರೀಕ್ಷೆಗಳಿದ್ದು, ಅವುಗಳಲ್ಲಿ ಯಾವುದನ್ನು ಯಾವ ಮಟ್ಟದಲ್ಲಿ ಮಾಡಬೇಕೆಂಬುದನ್ನು ಕಂಪನಿಯೇ ಆರಿಸಿಕೊಳ್ಳುತ್ತದೆ. ಸೈನ್ಯ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ತೇವಾಂಶದ ಪರೀಕ್ಷೆ ಆಗಿದೆಯೇ ಎಂದು ಮಾದರಿಯ ವಿವರಪತ್ರದಲ್ಲಿ ಹುಡುಕುವುದು ನಮಗೆ ಉಪಯುಕ್ತ. ಬರೀ ಸ್ಟಿಕ್ಕರಿಗೆ ಹೆಚ್ಚು ಹಣ ಕೊಡುವುದು ವ್ಯರ್ಥ.

ಕರೆಂಟು, ಚಾರ್ಜರ್, ಬ್ಯಾಟರಿ

ಮಲೆನಾಡಿನ ಮನೆಗಳಲ್ಲಿ ಲ್ಯಾಪ್‌ಟಾಪ್ ಹಾಳಾಗುವುದಕ್ಕೆ ಗೋಡೆಯ ಪ್ಲಗ್ಗೇ ಅರ್ಧ ಕಾರಣ. ಲ್ಯಾಪ್‌ಟಾಪ್ ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ, ಹಾಗಾಗಿ ಸಂಜೆ ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ ಇಳಿದರೂ ಅದು ತಾಳಿಕೊಳ್ಳುತ್ತದೆ. ಅದಕ್ಕೆ ಸ್ಟೆಬಿಲೈಜರ್ ಬೇಕಾಗಿಲ್ಲ. ತಾಳಲಾಗದ್ದು ಏಪ್ರಿಲ್, ಮೇ ತಿಂಗಳಿನ ಗುಡುಗು ಸಿಡಿಲಿನ ಕಾಲದಲ್ಲಿ ತಂತಿಯಲ್ಲಿ ನುಗ್ಗುವ ಏಟು. ಮೋಡ ಕಪ್ಪಾಗಿ ದೂರದಲ್ಲಿ ಗುಡುಗಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಮನೆಗೆ ಫೈಬರ್ ಇಂಟರ್‌ನೆಟ್ ಇದ್ದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ನಿಜ. ಆದರೆ ರೂಟರಿನ ಅಡಾಪ್ಟರ್ ಗೋಡೆಯಲ್ಲಿಯೇ ಇರುತ್ತದೆ, ಅಲ್ಲಿಂದ ಲ್ಯಾನ್ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಏಟು ತಲುಪಬಹುದು. ಅದಕ್ಕಾಗಿ ವೈಫೈಯಲ್ಲೇ ಬಳಸುವುದು ಕ್ಷೇಮ.

ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಮುಟ್ಟಿದಾಗ ಬೆರಳಿಗೆ ಝುಂ ಎನ್ನುವ ಅನುಭವ ಅನೇಕರಿಗೆ ಆಗಿರುತ್ತದೆ. ಅಡಾಪ್ಟರಿನೊಳಗಿನ ಒಂದು ಬಗೆಯ ಕೆಪಾಸಿಟರಿನಿಂದ ಅತ್ಯಲ್ಪ ಕರೆಂಟು ಮೈಗೆ ಬಂದು, ಅರ್ಥಿಂಗ್ ಇಲ್ಲದಿದ್ದಾಗ ನಮ್ಮ ಮೂಲಕ ನೆಲಕ್ಕೆ ಹೋಗುವುದು ಇದಕ್ಕೆ ಕಾರಣ. ಹಳೆಯ ಹೆಂಚಿನ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಲ್ಯಾಪ್‌ಟಾಪ್ ಕೊಳ್ಳುವ ದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಒಂದು ಪ್ಲಗ್ಗಿನ ಅರ್ಥಿಂಗ್ ಪರೀಕ್ಷೆ ಮಾಡಿಸುವುದು ಯಂತ್ರಕ್ಕೂ ಮನುಷ್ಯರಿಗೂ ಹಿತ. ಮೂರು ಪಿನ್ನಿನ ಅಡಾಪ್ಟರಿನ ದಪ್ಪ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವವರನ್ನು ನಾನು ಕಂಡಿದ್ದೇನೆ; ದಯವಿಟ್ಟು ಹಾಗೆ ಮಾಡಬಾರದು.

ಚಾರ್ಜಿಂಗ್ ಸಾಕೆಟ್ಟಿನಲ್ಲಿ ಎರಡು ಬಗೆಯಿದೆ. ದುಂಡು ಪಿನ್ನಿನದು ಅನೇಕ ಮಾದರಿಗಳಲ್ಲಿ ಪ್ರತ್ಯೇಕ ವೈರಿನ ತುದಿಯಲ್ಲಿರುವುದರಿಂದ ಸಡಿಲವಾದರೆ ಸುಲಭವಾಗಿ ಬದಲಾಯಿಸಬಹುದು, ಆದರೆ ಚಾರ್ಜರ್ ಮಾತ್ರ ಅದೇ ಕಂಪನಿಯದೇ ಬೇಕು. ಯುಎಸ್‌ಬಿ-ಸಿ ಆದರೆ ಪವರ್ ಡೆಲಿವರಿ ಇರುವ 65 ವಾಟ್ ಚಾರ್ಜರ್ ಯಾವ ಊರಿನಲ್ಲಿಯೂ ಸಿಗುತ್ತದೆ. ಆದರೆ ಆ ಸಾಕೆಟ್ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಹೀಗಾಗಿ ಚಾರ್ಜ್ ಆಗುವ ಎರಡು ಯುಎಸ್‌ಬಿ-ಸಿ ಸಾಕೆಟ್ ಇರುವ ಯಂತ್ರವನ್ನೋ, ದುಂಡು ಪಿನ್ ಮತ್ತು ಯುಎಸ್‌ಬಿ-ಸಿ ಎರಡರಲ್ಲೂ ಚಾರ್ಜ್ ಆಗುವ ಯಂತ್ರವನ್ನೋ ನಾನು ಮೊದಲು ಹುಡುಕುತ್ತೇನೆ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ.

ಬ್ಯಾಟರಿಯ ಶಕ್ತಿಯನ್ನು ವಾಟ್-ಅವರ್‌ನಲ್ಲಿ ಬರೆದಿರುತ್ತಾರೆ. "10 ಗಂಟೆ ಬರುತ್ತದೆ" ಎಂಬ ಮಾತಿಗಿಂತ ಆ ಅಂಕಿಯೇ ನಂಬಲರ್ಹ. ಮನೆಯ ಸಾಧಾರಣ ಕೆಲಸಕ್ಕೆ ಯಂತ್ರ ಸುಮಾರು 10 ವಾಟ್ ಬಳಸುತ್ತದೆಂದು ಇಟ್ಟುಕೊಂಡರೆ 42 ವಾಟ್-ಅವರ್ ಬ್ಯಾಟರಿ ನಾಲ್ಕು ಗಂಟೆ, 56ರದು ಐದೂವರೆ ಗಂಟೆ ಬರುತ್ತದೆ. ಜಡಿಮಳೆಯಲ್ಲಿ ಮರ ಬಿದ್ದು ಬೆಳಗ್ಗೆ ಹೋದ ಕರೆಂಟು ಸಂಜೆಯಾದರೂ ಬಾರದ ಊರಿನಲ್ಲಿ ಆ ಒಂದೂವರೆ ಗಂಟೆಗೆ ಬೆಲೆಯಿದೆ. ಬ್ಯಾಟರಿಯನ್ನು ಬೇಗ ಮುದಿಯಾಗಿಸುವುದು ಸೆಕೆ, ಮತ್ತು ಸದಾ ನೂರಕ್ಕೆ ನೂರು ತುಂಬಿಟ್ಟುಕೊಂಡಿರುವುದು. ಲೆನೊವೊ ವ್ಯಾಂಟೇಜ್, ಮೈಆಸುಸ್ ಮುಂತಾದ ಕಂಪನಿ ತಂತ್ರಾಂಶಗಳಲ್ಲಿ ಚಾರ್ಜನ್ನು ಶೇ 80ರ ಆಸುಪಾಸಿಗೆ ನಿಲ್ಲಿಸುವ ಸೌಲಭ್ಯವಿದೆ. ಆ ಸೌಲಭ್ಯ ಇದೆಯೇ ಎಂದು ಅಂಗಡಿಯಲ್ಲೇ ತೋರಿಸಲು ಹೇಳಬೇಕು. ಮುಂದೆ ಎಂದಾದರೂ ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಆಗದಿದ್ದರೆ ಅದರ ಕೆಳಗೆ ಬ್ಯಾಟರಿ ಊದಿಕೊಂಡಿರಬಹುದು. ಆಗ ಒತ್ತಲು ಹೋಗದೆ, ಚಾರ್ಜಿಗೂ ಹಾಕದೆ ರಿಪೇರಿಗೆ ಒಯ್ಯಬೇಕು.

ಆರಿದ್ರೆಯಿಂದ ಆಶ್ಲೇಷದವರೆಗೆ

ಕಡೂರು, ಅರಸೀಕೆರೆಗಳ ಬಯಲು ಸೀಮೆಯವರಿಗೆ ಈ ಭಾಗ ಅಷ್ಟಾಗಿ ಬೇಕಾಗದು. ಅವರಿಗೆ ದೂಳೇ ಶತ್ರು, ಅವರು ವರ್ಷಕ್ಕೊಮ್ಮೆ ಫ್ಯಾನ್ ಶುಚಿ ಮಾಡಿಸಿದರೆ ಸಾಕು. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆಯವರ ಕಥೆ ಬೇರೆ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ ಬೀರುವಿನೊಳಗಿನ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಬ್ಯಾಗಿನೊಳಗೆ ವಾರಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪ್ ಒಣಗಿರಲು ಸಾಧ್ಯವಿಲ್ಲ. ಸಾಕೆಟ್ಟುಗಳ ಲೋಹದ ಮೇಲೆ ಮೊದಲು ಮಂಕು, ಅನಂತರ ಹಸಿರು ಕಲೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸುಲಭವಾದ ಮದ್ದು ಬಳಕೆ. ದಿನಕ್ಕೆ ಒಂದು ಗಂಟೆ ಓಡಿದರೆ ಒಳಗಿನ ಬಿಸಿಯೇ ತೇವವನ್ನು ಹೊರಗಟ್ಟುತ್ತದೆ. ಊರಿಗೆ ಹೋಗುವಾಗ ಮುಚ್ಚಳ ಭದ್ರವಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡುವುದು ಒಳ್ಳೆಯದು. ಪೊಟ್ಟಣಗಳನ್ನು ಆಗಾಗ ಬದಲಾಯಿಸದಿದ್ದರೆ ಅವು ಇದ್ದೂ ಇಲ್ಲದಂತೆ.

ಕಾಫಿ ಸೀಮೆಯಲ್ಲಿ ಕುಳಿತು ಕಾಫಿ ಚೆಲ್ಲುವ ವಿಷಯ ಬರೆಯದಿರಲಾಗದು. ಕೆಲವು ಮಾದರಿಗಳಲ್ಲಿ ಕೀಬೋರ್ಡಿನ ಕೆಳಗೆ ತೆಳು ಹಾಳೆಯೋ ನೀರು ಹರಿದುಹೋಗುವ ಕಾಲುವೆಯೋ ಇರುತ್ತದೆ. ವಿವರಪತ್ರದಲ್ಲಿ "ಸ್ಪಿಲ್ ರೆಸಿಸ್ಟಂಟ್" ಎಂದಿದ್ದರೆ ಅದು ಅರ್ಧ ಲೋಟ ಚೆಲ್ಲಿದಾಗ ಯಂತ್ರವನ್ನು ಆರಿಸುವಷ್ಟು ಸಮಯ ಕೊಡುತ್ತದೆ ಅಷ್ಟೆ. ಚೆಲ್ಲಿದೊಡನೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ, ಚಾರ್ಜರ್ ಕಿತ್ತು, ಡೇರೆಯ ಹಾಗೆ ಬೋರಲು ನಿಲ್ಲಿಸಬೇಕು. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದರಿಂದ ಒಳಗಿನ ನೀರು ಹೋಗುವುದಿಲ್ಲ, ಅಕ್ಕಿಯ ಹುಡಿ ಮಾತ್ರ ಒಳಹೋಗುತ್ತದೆ. ಹಾಲು ಸಕ್ಕರೆ ಹಾಕಿದ ಕಾಫಿಯಾದರೆ ಒಣಗಿದ ಮೇಲೂ ಅಂಟು ಉಳಿದು ಲೋಹವನ್ನು ತಿನ್ನುತ್ತದೆ, ಆದ್ದರಿಂದ ಯಂತ್ರ ಮರುದಿನ ಚೆನ್ನಾಗಿ ನಡೆದರೂ ಬಿಚ್ಚಿಸಿ ತೊಳೆಸಬೇಕು.

ಒಳಗಿನ ಭಾಗಗಳು

ರ‍್ಯಾಮ್ 8 ಜಿಬಿ ಇಂದು ಕನಿಷ್ಠ. ಐದಾರು ವರ್ಷ ಬಳಸುವ ಉದ್ದೇಶವಿದ್ದರೆ 16 ಜಿಬಿ ಇರಲಿ, ಇಲ್ಲವೇ 8 ಜಿಬಿಯ ಜೊತೆಗೆ ಒಂದು ಖಾಲಿ ಸ್ಲಾಟ್ ಇರಲಿ. ಮದರ್‌ಬೋರ್ಡಿಗೇ ಬೆಸೆದ ಬರೀ 8 ಜಿಬಿಯನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಕೊಳ್ಳಬಾರದು, ಏಕೆಂದರೆ ಅದನ್ನು ಮುಂದೆ ಯಾರೂ ಹೆಚ್ಚಿಸಿ ಕೊಡಲಾರರು. ಸಂಗ್ರಹಕ್ಕೆ, ಅಂದರೆ ಕಡತಗಳನ್ನು ಇಡಲು, 512 ಜಿಬಿಯ, ಎಂ.2 ಎಂಬ ಸ್ಲಾಟಿನಲ್ಲಿ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿ ಇರಬೇಕು. ತೀರ ಅಗ್ಗದ ಕೆಲವು ಯಂತ್ರಗಳಲ್ಲಿ ಇಎಂಎಂಸಿ ಎಂಬ ಸಂಗ್ರಹದ ಚಿಪ್ಪನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಅದು ನಿಧಾನವೂ ಹೌದು, ಕೆಟ್ಟರೆ ಮದರ್‌ಬೋರ್ಡಿನೊಡನೆ ಹೋಗುವಂಥದ್ದೂ ಹೌದು.

ಪ್ರೊಸೆಸರಿನ ಹೆಸರಿನಲ್ಲಿ ಮೋಸವಿಲ್ಲದಿದ್ದರೂ ಮರೆಮಾಚುವಿಕೆ ಧಾರಾಳವಾಗಿದೆ. ಪ್ರೊಸೆಸರ್ ತಯಾರಿಸುವ ಎಎಂಡಿ ಕಂಪನಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ಎಂಬ ಎರಡು ಚಿಪ್ಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಯಾರಾದರೂ ಅವಳಿಗಳೆಂದುಕೊಂಡಾರು. 2023ರ ಆಸುಪಾಸಿನ ಎಎಂಡಿ ಹೆಸರುಗಳಲ್ಲಿ ಮೂರನೆಯ ಅಂಕಿ ಒಳಗಿನ ವಿನ್ಯಾಸದ ತಲೆಮಾರನ್ನು ಹೇಳುತ್ತದೆ. 7520ರಲ್ಲಿ ಆ ಅಂಕಿ 2. ಅಂದರೆ ಹಳೆಯ ಜೆನ್ 2 ವಿನ್ಯಾಸ, ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಮತ್ತು ಅದರೊಡನೆ ಬರುವ ರ‍್ಯಾಮ್ ಬೆಸೆದದ್ದೇ. 7530ರಲ್ಲಿ 3, ಜೆನ್ 3, ಆರು ಕೋರ್, ಸ್ಲಾಟಿನಲ್ಲಿ ಕೂರಿಸಬಹುದಾದ ಡಿಡಿಆರ್4 ಬಗೆಯ ರ‍್ಯಾಮನ್ನು ಒಪ್ಪಿಕೊಳ್ಳುತ್ತದೆ. ಒಂದೇ ಅಂಕಿಯ ವ್ಯತ್ಯಾಸದಿಂದ ಯಂತ್ರದ ಆಯುಷ್ಯವೇ ಬದಲಾಗುತ್ತದೆ. ಇಂಟೆಲ್ ಕಡೆ ಕೊನೆಯ ಅಕ್ಷರವನ್ನು ನೋಡಬೇಕು. ಐ5-1335ಯು ಎಂಬಲ್ಲಿನ ಯು 15 ವಾಟ್ ಮೂಲ ಬಳಕೆಯ ತಂಪು ಚಿಪ್ಪು. ಐ5-13420ಎಚ್ ಎಂಬಲ್ಲಿನ ಎಚ್ 45 ವಾಟಿನದು. ಎಚ್ ವೇಗವಾದದ್ದೇ. ಆದರೆ ತೆಳು ಮೈಯಲ್ಲಿ ಅದನ್ನು ತುಂಬಿದರೆ ಫ್ಯಾನ್ ಸದಾ ಕಿರುಚುತ್ತದೆ, ಬಿಸಿಗೆ ಬ್ಯಾಟರಿ ಬೇಗ ಸೊರಗುತ್ತದೆ. ಮನೆಯ ಕೆಲಸಕ್ಕೆ ಯು ಸಾಕು ಎಂದು ಖಚಿತವಾಗಿ ಹೇಳುತ್ತೇನೆ. 2023ರ ಡಿಸೆಂಬರಿನಿಂದ ಇಂಟೆಲ್ ಕೋರ್ ಅಲ್ಟ್ರಾ ಎಂದು ಹೆಸರಿಡುತ್ತಾ 'ಐ' ಅಕ್ಷರವನ್ನು ಕೈಬಿಟ್ಟಿದೆ, ಆದ್ದರಿಂದ ಹೊಸ ಪೆಟ್ಟಿಗೆಯ ಮೇಲೆ ಐ5 ಕಾಣದಿದ್ದರೆ ಗಾಬರಿ ಬೇಡ.

ಯಂತ್ರದ ಮೈ ಗಟ್ಟಿಯಿದ್ದರೂ ತಂತ್ರಾಂಶದಿಂದ ಮುದಿಯಾಗುವುದುಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಏಳನೆಯ ತಲೆಮಾರಿನ ಬಹುತೇಕ ಚಿಪ್ಪುಗಳು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲದ್ದರಿಂದ ಎಷ್ಟೋ ಮನೆಗಳ ಸುಸ್ಥಿತಿಯ ಯಂತ್ರಗಳು ಅಂದೇ ಹಳತಾದವು. ಅಂಗಡಿಯವರು ಹಳೆಯ ದಾಸ್ತಾನನ್ನು ಕಡಿಮೆ ಬೆಲೆಗೆ ಕೊಡುತ್ತೇವೆಂದಾಗ ಈ ಲೆಕ್ಕವೂ ತಲೆಯಲ್ಲಿರಬೇಕು. ಮ್ಯಾಕ್‌ಬುಕ್ ಏರ್ ಫ್ಯಾನಿಲ್ಲದೆ ತಂಪಾಗಿ, ಗಟ್ಟಿಯಾಗಿ ಬಾಳುವ ಯಂತ್ರ. ಆದರೆ ಅದರಲ್ಲಿ ರ‍್ಯಾಮ್ ಮತ್ತು ಸಂಗ್ರಹ ಎರಡನ್ನೂ ಮುಂದೆ ಹೆಚ್ಚಿಸಲಾಗದು, ಮತ್ತು ಹಳೆಯ ನುಡಿ ಫಾಂಟಿನ ಕಡತಗಳನ್ನು ದಿನವೂ ಬಳಸುವವರಿಗೆ ವಿಂಡೋಸೇ ಅನುಕೂಲ. ಯೂನಿಕೋಡ್ ಕನ್ನಡಕ್ಕಾದರೆ ವಿಂಡೋಸಿನೊಳಗೇ ಕನ್ನಡ ಕೀಲಿಮಣೆಗಳಿವೆ, ಬೇರೇನೂ ಹಾಕಿಕೊಳ್ಳಬೇಕಾಗಿಲ್ಲ.

ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1920×1080 ಚುಕ್ಕೆಗಳ, ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಬಗೆಯ ಪರದೆ ಇರಲಿ, ಪ್ರಕಾಶ 300 ನಿಟ್ಸ್ ಇದ್ದರೆ ಹಗಲು ಜಗಲಿಯಲ್ಲಿ ಕುಳಿತೂ ಓದಬಹುದು. ಮಿರುಗುವ ಪರದೆಗಿಂತ ಮಂದ ಮೈಯದು ಕಣ್ಣಿಗೆ ಹಿತ.

ವಾರಂಟಿ ಮತ್ತು ಬಿಲ್ಲು

ವಾರಂಟಿ ಎಷ್ಟು ವರ್ಷ ಎಂಬುದರಷ್ಟೇ ಅದು ಎಲ್ಲಿ ನಡೆಯುತ್ತದೆ ಎಂಬುದೂ ಮುಖ್ಯ. ಆನ್‌ಸೈಟ್ ಎಂದರೆ ತಂತ್ರಜ್ಞರು ಮನೆಗೆ ಬರುತ್ತಾರೆ, ಕ್ಯಾರಿ-ಇನ್ ಎಂದರೆ ನಾವೇ ಸರ್ವಿಸ್ ಕೇಂದ್ರಕ್ಕೆ ಹೊತ್ತೊಯ್ಯಬೇಕು. ಚಿಕ್ಕಮಗಳೂರಿನಿಂದ ಹಾಸನಕ್ಕೆ ಸುಮಾರು 60 ಕಿ.ಮೀ., ಬೆಂಗಳೂರಿಗೆ 240 ಕಿ.ಮೀ.ಗೂ ಹೆಚ್ಚು, ಒಂದು ಸಲ ಕೊಟ್ಟು ಬರಲು, ಇನ್ನೊಂದು ಸಲ ತರಲು ಎಂದರೆ ಎರಡು ದಿನದ ಕೆಲಸ ಕೆಟ್ಟಿತು. ಆನ್‌ಸೈಟ್ ಎಂದು ಬರೆದಿದ್ದರೂ ಅದು ಎಲ್ಲ ಊರಿಗೂ ಅನ್ವಯಿಸುವುದೆಂದು ತಿಳಿಯಬಾರದು. 577101ರ ನಗರಕ್ಕೆ ಬರುವವರು 577132ರ ಮೂಡಿಗೆರೆಯ ತೋಟದ ಮನೆಗೆ ಬಾರದಿರಬಹುದು. ನಮ್ಮ ಪಿನ್‌ಕೋಡ್ ಹೇಳಿ ಕಂಪನಿಯ ಸಹಾಯವಾಣಿಯಲ್ಲಿ ಕೊಳ್ಳುವ ಮುನ್ನವೇ ಕೇಳಿ, ಸಾಧ್ಯವಾದರೆ ಉತ್ತರವನ್ನು ಇಮೇಲಿನಲ್ಲಿ ಪಡೆಯಬೇಕು. ಬಿದ್ದರೆ, ನೀರು ಚೆಲ್ಲಿದರೆ ಸಾಮಾನ್ಯ ವಾರಂಟಿ ನಡೆಯುವುದಿಲ್ಲ. ಅದಕ್ಕೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಬೇರೆಯಾಗಿಯೇ ಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಕೊಡುವ ಹಣ ದಂಡವಲ್ಲ. ಬ್ಯಾಟರಿಗೆ ಮಾತ್ರ ವಾರಂಟಿ ಹೆಚ್ಚಾಗಿ ಒಂದೇ ವರ್ಷ ಎಂಬುದೂ ಗಮನದಲ್ಲಿರಲಿ.

ಸೀರಿಯಲ್ ನಂಬರ್ ನಮೂದಾದ ಜಿಎಸ್‌ಟಿ ಬಿಲ್ಲನ್ನೇ ಕೇಳಿ ಪಡೆಯಬೇಕು. ಲ್ಯಾಪ್‌ಟಾಪಿಗೆ ಜಿಎಸ್‌ಟಿ ಶೇ 18. "ಬಿಲ್ ಬೇಡವೆಂದರೆ ಕಡಿಮೆ ಮಾಡಿ ಕೊಡುತ್ತೇನೆ" ಎನ್ನುವವರು ನಮ್ಮ ವಾರಂಟಿಯನ್ನೇ ಕಡಿಮೆ ಮಾಡುತ್ತಿರುತ್ತಾರೆ. ಯಂತ್ರದ ತಳದಲ್ಲಿಯೂ ಅಡಾಪ್ಟರಿನ ಮೇಲೂ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಅಂಗಡಿಯವರೋ ಕಂಪನಿಯವರೋ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ.

ಮನೆಗೆ ತಂದ ಮೊದಲ ವಾರ

ಪೆಟ್ಟಿಗೆ ಒಡೆಯುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುವುದು ಆನ್‌ಲೈನಿನಲ್ಲಿ ತರಿಸಿದವರಿಗಂತೂ ಅಗತ್ಯ. ಅನಂತರ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನಾಂಕದಿಂದ ಆರಂಭವಾಗಿದೆ ಎಂದು ನೋಡಬೇಕು. ಕೆಲವೊಮ್ಮೆ ಅಂಗಡಿಗೆ ಸರಕು ಹೋದ ದಿನವೇ ಅಲ್ಲಿ ನಮೂದಾಗಿರುತ್ತದೆ, ಬಿಲ್ಲು ಕಳಿಸಿದರೆ ತಿದ್ದಿಕೊಡುತ್ತಾರೆ. ಎಲ್ಲ ಕೀಗಳನ್ನೂ ಒಂದು ಸಲ ಒತ್ತಿ, ಎಲ್ಲ ಸಾಕೆಟ್ಟುಗಳಿಗೂ ಪೆನ್‌ಡ್ರೈವ್ ಹಾಕಿ, ಕ್ಯಾಮೆರಾ, ಮೈಕು, ಸ್ಪೀಕರ್‌ಗಳನ್ನು ಒಂದು ವಿಡಿಯೊ ಕರೆಯಲ್ಲಿ ಪರೀಕ್ಷಿಸಿ, ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಸತ್ತ ಚುಕ್ಕೆಗಳಿವೆಯೇ ಎಂದು ಕತ್ತಲೆಯಲ್ಲಿ ನೋಡಬೇಕು. ಬ್ಯಾಟರಿಯನ್ನು ತುಂಬಿಸಿ, ಒಂದು ಸಿನಿಮಾ ಹಾಕಿ, ಎಷ್ಟು ಹೊತ್ತು ಬರುತ್ತದೆಂದು ಗಡಿಯಾರ ಹಿಡಿದು ಅಳೆಯಬೇಕು. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಇಷ್ಟನ್ನೂ ಮಾಡಿ ಮುಗಿಸಬೇಕು.

ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡುವುದು ನಮ್ಮ ವಾಡಿಕೆ. ಎರಡು ಮಳೆಗಾಲದಲ್ಲಿ ಅದನ್ನು ಗೆದ್ದಲು ತಿಂದಿರುತ್ತದೆ. ಹಿಂದಿರುಗಿಸುವ ಅವಧಿ ಮುಗಿದ ಮೇಲೆ ಸೀರಿಯಲ್ ನಂಬರ್ ಇರುವ ಚೀಟಿಯನ್ನು ಪೆಟ್ಟಿಗೆಯಿಂದ ಕತ್ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ಲಿನೊಡನೆ ಇಟ್ಟರೆ ಸಾಕು. ಬಿಲ್ಲು ನುಣುಪಾದ ಥರ್ಮಲ್ ಕಾಗದದಲ್ಲಿದ್ದರೆ ವರ್ಷದೊಳಗೆ ಅಕ್ಷರ ಮಾಸಿ ಬರೀ ಬಿಳಿ ಹಾಳೆ ಉಳಿಯುತ್ತದೆ, ಆದ್ದರಿಂದ ತಂದ ದಿನವೇ ಫೋಟೊ ತೆಗೆದು ನಿಮ್ಮ ಇಮೇಲಿಗೇ ಕಳಿಸಿಕೊಂಡು, ಒಂದು ಜೆರಾಕ್ಸ್ ಪ್ರತಿಯನ್ನೂ ಮಾಡಿಸಿಡಿ.